ಹಿಮದ ನಾಡಿನ ಸಂಶೋಧನೆ: ಹಣ ಯಾರದು, ಪ್ರಶ್ನೆ ಯಾರದು?

1960ರ ಮಾರ್ಚ್ ತಿಂಗಳಿನಲ್ಲಿ ಅಲಾಸ್ಕದ ವಾಯವ್ಯ ಕರಾವಳಿಯ ಪಾಯಿಂಟ್ ಹೋಪ್ ಎಂಬ ಹಳ್ಳಿಗೆ ಅಮೆರಿಕದ ಅಣುಶಕ್ತಿ ಆಯೋಗದ ಅಧಿಕಾರಿಗಳು ಬಂದಿಳಿದರು. ತಿಮಿಂಗಿಲ, ಸೀಲ್, ಕ್ಯಾರಿಬೂ ಎಂಬ ಹಿಮಸಾರಂಗ ಇವುಗಳ ಬೇಟೆಯಿಂದ ತಲೆತಲಾಂತರದಿಂದ ಜೀವನ ಸಾಗಿಸಿಕೊಂಡು ಬಂದಿರುವ ಇನ್ಯೂಪಿಯಾಟ್ ಜನರ ಊರು ಅದು. ಉತ್ತರ ಅಮೆರಿಕ ಖಂಡದಲ್ಲಿ ಜನವಸತಿ ಕಡಿಯದೆ ನಡೆದುಬಂದಿರುವ ಅತಿ ಪ್ರಾಚೀನವಾದ ನೆಲೆಗಳಲ್ಲಿ ಒಂದು. ಆ ಊರಿಗೆ ಸುಮಾರು 30 ಮೈಲಿ ದೂರದಲ್ಲಿರುವ ಕೇಪ್ ಥಾಂಪ್ಸನ್ ಬಳಿ ಪರಮಾಣು ಬಾಂಬುಗಳನ್ನು ನೆಲದಲ್ಲಿ ಹೂತು, ಸಿಡಿಸಿ, ಹಡಗುಗಳಿಗೆ ಬಂದರೊಂದನ್ನು ತೋಡಬೇಕೆಂಬ ‘ಪ್ರಾಜೆಕ್ಟ್ ಚಾರಿಯಟ್’ ಯೋಜನೆಯನ್ನು, ಜಲಜನಕ ಬಾಂಬಿನ ಪ್ರವರ್ತಕರಲ್ಲಿ ಅಗ್ರಗಣ್ಯರಾದ ಎಡ್ವರ್ಡ್ ಟೆಲ್ಲರ್ 1958ರಲ್ಲಿಯೇ ಅಲಾಸ್ಕಕ್ಕೆ ಬಂದು ಸಾರಿ ಹೋಗಿದ್ದರು. ಊರಿನ ಸಭೆ 1959ರಲ್ಲಿಯೇ ತನ್ನ ವಿರೋಧವನ್ನು ಬರೆದು ಕಳುಹಿಸಿತ್ತು. ಆದರೂ ಆ ಜನರ ಎದುರಿಗೆ ಕುಳಿತು ಮಾತನಾಡಬೇಕೆಂಬ ಯೋಚನೆ ಆಯೋಗಕ್ಕೆ ಬರುವುದಕ್ಕೆ ಇಷ್ಟು ಕಾಲ ಹಿಡಿಯಿತು. ಮೀನಿಗಾಗಲಿ ಮನುಷ್ಯರಿಗಾಗಲಿ ಭಯಪಡತಕ್ಕದ್ದು ಏನೂ ಇಲ್ಲವೆಂದು ಬಂದವರು ಅಭಯವಿತ್ತರು. ಹಳ್ಳಿಯವರು ಆ ಮಾತುಗಳನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡರು; ಅನಂತರ ಒಬ್ಬೊಬ್ಬರಾಗಿ ಎದ್ದು, ತಮ್ಮ ಆಹಾರದ ಗತಿ ಏನು, ತಮ್ಮ ಮಕ್ಕಳ ಗತಿ ಏನು ಎಂದು ಕೇಳಿದರು.

ಈ ಕಥೆಯನ್ನು ಸಾಮಾನ್ಯವಾಗಿ ಅಣುಶಕ್ತಿಯ ಅಹಂಕಾರಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಅದರಲ್ಲಿ ಒಂದು ವಿಶ್ವವಿದ್ಯಾನಿಲಯ ವಹಿಸಿದ ಪಾತ್ರದ ಕಡೆಗೆ ಹೆಚ್ಚಿನ ಗಮನ ಹೋಗಿಲ್ಲ. ನನಗೆ ಮುಖ್ಯವೆಂದು ತೋರುವುದು ಅದೇ. ಸ್ಫೋಟಕ್ಕೆ ಮುನ್ನ ಆ ಪ್ರದೇಶದ ಸಸ್ಯ, ಪ್ರಾಣಿ, ಜನಜೀವನಗಳ ಸಮೀಕ್ಷೆ ನಡೆಯಬೇಕೆಂದು ತಜ್ಞರು ಒತ್ತಾಯಪಡಿಸಿದ ಕಾರಣ, ಆಯೋಗವು ಹಣವನ್ನು ಮಂಜೂರುಮಾಡಿ, ಜೀವಶಾಸ್ತ್ರದ ಕೆಲಸದ ಬಹುಭಾಗವನ್ನು ಅಲಾಸ್ಕ ವಿಶ್ವವಿದ್ಯಾನಿಲಯಕ್ಕೆ ಗುತ್ತಿಗೆಯಾಗಿ ವಹಿಸಿತು. ಹಣದ ಅಭಾವದಲ್ಲಿದ್ದ ಎಳೆಯ ಸಂಸ್ಥೆಗೆ ಅದು ದೊಡ್ಡ ಅನುಗ್ರಹವೇ ಆಗಿದ್ದಿತು. ಸಸ್ಯಶಾಸ್ತ್ರಜ್ಞ ಲೆಸ್ಲಿ ವಿಯರೆಕ್ ಮತ್ತು ಪ್ರಾಣಿಶಾಸ್ತ್ರಜ್ಞ ವಿಲಿಯಂ ಪ್ರುಯಿಟ್ ಆ ಬಯಲಿಗೆ ಹೋಗಿ ಕೆಲಸಮಾಡಿದರು. ನಮ್ಮ ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವಿನ ವರ್ಗಕ್ಕೆ ಸೇರಿದ ಶಿಲಾವಲ್ಕಗಳು ಆ ನೆಲವನ್ನೆಲ್ಲ ಹಾಸಿಕೊಂಡಿರುತ್ತವೆ. ಅವುಗಳಿಗೆ ಬೇರಿಲ್ಲ, ಗಾಳಿಯಿಂದಲೂ ಮಳೆಯಿಂದಲೂ ಆಹಾರವನ್ನು ಹೀರುತ್ತವೆ, ಹೀರುವಾಗ ಆಕಾಶದಿಂದ ಉದುರುವ ವಿಕಿರಣದ ಧೂಳನ್ನೂ ಹೀರುತ್ತವೆ. ಚಳಿಗಾಲದಲ್ಲಿ ಹಿಮಸಾರಂಗಕ್ಕೆ ಇದೇ ಮೇವು. ಜನರಿಗೆ ಹಿಮಸಾರಂಗದ ಮಾಂಸವೇ ಆಹಾರ. ಹೀಗೆ ಬಾಂಬಿನ ವಿಷವು ಕಲ್ಲುಹೂವಿನಿಂದ ಮೃಗಕ್ಕೆ, ಮೃಗದಿಂದ ಮನುಷ್ಯನಿಗೆ ಸಾಂದ್ರವಾಗುತ್ತ ಏರುತ್ತದೆಂಬುದನ್ನು ಅವರು ಮನಗಂಡರು, ಮನಗಂಡದ್ದನ್ನು ಬಹಿರಂಗವಾಗಿ ಹೇಳಿದರು.

ಹೇಳಿದ್ದರ ಫಲವನ್ನು ಇಬ್ಬರೂ ಅನುಭವಿಸಬೇಕಾಯಿತು. ತಮ್ಮ ವರದಿಯ ಮೊನೆಯನ್ನು ತಿದ್ದುಪಡಿಯ ಹೆಸರಿನಲ್ಲಿ ಮೊಂಡುಮಾಡಿದರೆಂದು ಪ್ರುಯಿಟ್ ಪ್ರತಿಭಟಿಸಿದರು. ವಿಯರೆಕ್ ಯೋಜನೆಯಿಂದ ಹೊರಬಂದರು. ವಿಶ್ವವಿದ್ಯಾನಿಲಯದ ಆಡಳಿತದ ಕಣ್ಣಿಗೆ ಅವರು ಉಂಡ ಮನೆಗೆ ಎರಡು ಬಗೆದವರಾಗಿ ಕಂಡಿರಬೇಕು. ಇಬ್ಬರ ಕೆಲಸವೂ ಹೋಯಿತು. ಪ್ರುಯಿಟ್ ದೇಶವನ್ನೇ ಬಿಟ್ಟು ಕೆನಡಾದಲ್ಲಿ ನೆಲೆಸಿದರು. 1962ರಲ್ಲಿ ಆಯೋಗವು ಯೋಜನೆಯನ್ನು ಮೂಲೆಗೆ ಸರಿಸಿತು. ಆ ವಿಶ್ವವಿದ್ಯಾನಿಲಯ ಇವರಿಬ್ಬರನ್ನೂ ಕರೆಸಿ ಗೌರವ ಡಾಕ್ಟರೇಟ್ ಪದವಿ ಕೊಟ್ಟದ್ದು 1993ರಲ್ಲಿ. ನಡುವೆ ಮೂರು ದಶಕಗಳು ಕಳೆದಿದ್ದವು.

ಅಧ್ಯಾಪಕರ ಸ್ವಾತಂತ್ರ್ಯದ ಪ್ರಶ್ನೆ ಇಲ್ಲಿ ಸ್ಪಷ್ಟವಾಗಿಯೇ ಇದೆ. ಅದರ ಕೆಳಗೆ ಇನ್ನೊಂದು ಪ್ರಶ್ನೆಯೂ ಇದೆ. ವಿಜ್ಞಾನಿಗಳಿಗೆ ಹಣ ಕೊಟ್ಟದ್ದು ಆಯೋಗ. ‘ಇಲ್ಲಿ ಬಾಂಬು ಸಿಡಿಸಿದರೆ ಏನಾದೀತು’ ಎಂಬ ಪ್ರಶ್ನೆಯನ್ನು ಕೊಟ್ಟದ್ದೂ ಆಯೋಗವೇ. ಪಾಯಿಂಟ್ ಹೋಪಿನವರ ಕೈಯಲ್ಲಿ ಒಂದು ಡಾಲರೂ ಇರಲಿಲ್ಲ. ಆದಕಾರಣ ಅವರ ಪ್ರಶ್ನೆಗೆ ಸಮೀಕ್ಷೆಯಲ್ಲಿ ಸ್ಥಳವೂ ಇರಲಿಲ್ಲ. ಆರ್ಕ್ಟಿಕ್ ಪ್ರದೇಶದ ಸಂಶೋಧನೆಗೆ ವಿಶ್ವವಿದ್ಯಾನಿಲಯಗಳು ಪಡೆಯುವ ದ್ರವ್ಯಸಹಾಯವನ್ನೂ, ಅದರ ಜೊತೆಗೆ ಈಗ ತಪ್ಪದೆ ಕೇಳಿಬರುವ ‘ಸಮುದಾಯದ ಸಹಭಾಗಿತ್ವ’ ಎಂಬ ಮಾತನ್ನೂ ನಾನು ಈ ಒರೆಗಲ್ಲಿಗೆ ಹಚ್ಚಿ ನೋಡುತ್ತೇನೆ: ಪ್ರಶ್ನೆ ರೂಪುಗೊಳ್ಳುವಾಗ ಆ ನೆಲದ ಜನ ಅಲ್ಲಿದ್ದರೇ, ಹಣದ ಗಂಟಿನ ಒಂದು ತುದಿಯಾದರೂ ಅವರ ಕೈಯಲ್ಲಿದ್ದಿತೇ? ಇಲ್ಲವಾದರೆ ಊರಿನ ಸಮುದಾಯ ಭವನದಲ್ಲಿ ಎಷ್ಟು ಸಭೆ ನಡೆಸಿದರೂ ಅದನ್ನು ಸಹಭಾಗಿತ್ವವೆಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಉತ್ತರಧ್ರುವ ಪ್ರದೇಶವೆಂದರೆ ನಿರ್ಜನವಾದ ಬಿಳಿಯ ಮರುಭೂಮಿ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಅಲ್ಲಿ ಸುಮಾರು 40 ಲಕ್ಷ ಜನ ವಾಸಮಾಡುತ್ತಾರೆ; ಅವರಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಂದಿ ಮೂಲನಿವಾಸಿಗಳು. 1979ರಿಂದೀಚೆಗೆ ಆ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯೇರಿದೆಯಾದ್ದರಿಂದ ಲೋಕದ ವಿಜ್ಞಾನಿಗಳೆಲ್ಲರ ದೃಷ್ಟಿ ಈಗ ಅತ್ತ ನೆಟ್ಟಿದೆ. ಅಲ್ಲಿ ನಡೆಸುವ ಸಂಶೋಧನೆ ಅಪಾರ ವೆಚ್ಚದ್ದು: ಹಿಮ ಸೀಳುವ ಹಡಗು, ಚಿಕ್ಕ ವಿಮಾನ, ಇಂಧನ, ತಿಂಗಳುಗಟ್ಟಲೆಯ ಆಹಾರ ಎಲ್ಲವನ್ನೂ ದೂರದಿಂದ ಸಾಗಿಸಬೇಕು. ಇಷ್ಟು ಹಣವನ್ನು ಸರ್ಕಾರಗಳೇ ಕೊಡಬೇಕು. ವಿಶ್ವವಿದ್ಯಾನಿಲಯಗಳು ಅದನ್ನು ಬೇಡಿ ತರಬೇಕು.

ಹಣ ಊರವರ ಕೈಗೆ ಬಂದಾಗ ವಿಜ್ಞಾನದ ಗತಿ ಹೇಗೆ ಬದಲಾಗಬಲ್ಲದೆಂಬುದಕ್ಕೆ ಅದೇ ಅಲಾಸ್ಕದ ಉತ್ತರ ತುದಿಯಲ್ಲಿ ಒಂದು ನಿದರ್ಶನವಿದೆ. ನನಗೆ ತಿಳಿದಮಟ್ಟಿಗೆ ಅದಕ್ಕಿಂತ ಒಳ್ಳೆಯದು ಬೇರೆಲ್ಲೂ ಇಲ್ಲ. ಆಗ ಬ್ಯಾರೋ ಎಂದೂ 2016ರಿಂದ ಉತ್ಕಿಯಾಗ್ವಿಕ್ ಎಂದೂ ಕರೆಯಲ್ಪಡುವ ಪಟ್ಟಣದ ಬಳಿ 1947ರಲ್ಲಿ ಅಮೆರಿಕದ ನೌಕಾಪಡೆಯು ಆರ್ಕ್ಟಿಕ್ ಸಂಶೋಧನಾಲಯವೊಂದನ್ನು ಸ್ಥಾಪಿಸಿತು. ಮುಂದೆ ಅಲಾಸ್ಕ ವಿಶ್ವವಿದ್ಯಾನಿಲಯವೇ ಅದನ್ನು ಗುತ್ತಿಗೆಯ ಮೇಲೆ ನಡೆಸಿತು. ಇನ್ಯೂಪಿಯಾಟ್ ಜನ ಅಲ್ಲಿ ಬಡಗಿಗಳಾಗಿ, ದಾರಿತೋರುವವರಾಗಿ, ಪ್ರಾಣಿಗಳ ಆರೈಕೆ ಮಾಡುವವರಾಗಿ ದುಡಿದರು. ಬಂದ ವಿಜ್ಞಾನಿಗಳನ್ನು ಹಿಮದ ಮೇಲೆ ಜೀವಂತವಾಗಿ ಉಳಿಸಿದವರೇ ಇವರು. ಪ್ರಬಂಧದ ಕರ್ತೃಗಳ ಸಾಲಿನಲ್ಲಿ ಮಾತ್ರ ಇವರ ಹೆಸರು ಕಾಣುವುದು ಅಪರೂಪ. ಹಾಗೆ ಬಡಗಿಯಾಗಿ ದುಡಿದವರಲ್ಲಿ ಒಬ್ಬರು ಹ್ಯಾರಿ ಬ್ರೋವರ್. ಅವರು ತಿಮಿಂಗಿಲ ಬೇಟೆಯ ದೋಣಿಯೊಂದಕ್ಕೆ ನಾಯಕರೂ ಆಗಿದ್ದರು.

1977ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು, ಬೋಹೆಡ್ ಎಂಬ ದೊಡ್ಡತಲೆಯ ತಿಮಿಂಗಿಲಗಳು ಅಳಿವಿನ ಅಂಚಿಗೆ ಬಂದಿವೆಯೆಂದು ನಿರ್ಣಯಿಸಿ, ಮೂಲನಿವಾಸಿಗಳ ಬೇಟೆಯನ್ನೂ ಸಂಪೂರ್ಣವಾಗಿ ನಿಷೇಧಿಸಿತು. ವಿಜ್ಞಾನಿಗಳ ಅಂದಾಜಿನಂತೆ ಉಳಿದಿದ್ದುವು ಸಾವಿರ, ಹೆಚ್ಚೆಂದರೆ ಎರಡು ಸಾವಿರ. ವಸಂತದಲ್ಲಿ ಹಿಮ ಬಿರಿದು ಕಡಲಂಚಿನಲ್ಲಿ ನೀರಿನ ಕಾಲುವೆ ತೆರೆದುಕೊಂಡಾಗ, ಅದರ ದಡದಲ್ಲಿ ಕುಳಿತು, ಕಣ್ಣಿಗೆ ಬಿದ್ದುವನ್ನು ಎಣಿಸುವುದು ಅವರ ಕ್ರಮವಾಗಿದ್ದಿತು. ಬೇಟೆಗಾರರು ಇದನ್ನು ಒಪ್ಪಲಿಲ್ಲ. ಕಾಲುವೆ ಮುಚ್ಚಿದರೆ ತಿಮಿಂಗಿಲ ನಿಲ್ಲುವುದಿಲ್ಲ, ಹಿಮದ ಅಡಿಯಲ್ಲಿಯೇ ಈಜುತ್ತ ಹೋಗುತ್ತದೆ. ಉಸಿರು ಬೇಕಾದಾಗ ನೆತ್ತಿಯಿಂದ ಹಿಮವನ್ನು ಮೇಲಕ್ಕೊತ್ತಿ, ದಿಬ್ಬದಂತೆ ಬಿರಿಯಿಸಿ, ಆ ಬಿರುಕಿನಲ್ಲಿ ಉಸಿರೆಳೆದುಕೊಳ್ಳುತ್ತದೆ. ದಡದಿಂದ ಕಣ್ಣಿಗೆ ಎಟುಕದಷ್ಟು ದೂರದಲ್ಲಿಯೂ ಹಿಂಡುಗಳು ಸಾಗುತ್ತವೆ. ನೀವು ಎಣಿಸುತ್ತಿರುವುದು ಕಂಡ ತಿಮಿಂಗಿಲವನ್ನು, ಇರುವ ತಿಮಿಂಗಿಲವನ್ನಲ್ಲ ಎಂಬುದು ಅವರ ವಾದ. ಸೀಲಿನ ತೊಗಲು ಹೊದಿಸಿದ ದೋಣಿಯನ್ನು ಪಕ್ಕದಲ್ಲಿಟ್ಟುಕೊಂಡು, ಹಿಮದ ಅಂಚಿನಲ್ಲಿ ವಾರಗಟ್ಟಲೆ ಸದ್ದಿಲ್ಲದೆ ಕಾದು, ನೀರಿನೊಳಗಿನ ಉಸಿರಾಟಕ್ಕೆ ಕಿವಿಗೊಟ್ಟು ಬಾಳಿದ ಜನರ ಮಾತು ಅದು.

ಇಂಥ ಮಾತನ್ನು ಹೇಳಿದ ಮೂಲನಿವಾಸಿಗಳು ಲೋಕದಲ್ಲಿ ಎಷ್ಟೋ ಮಂದಿ ಇದ್ದಾರೆ; ಅದು ಬಹುಮಟ್ಟಿಗೆ ಅರಣ್ಯರೋದನವಾಗಿಯೇ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. 1968ರಲ್ಲಿ ಪ್ರೂಡೋ ಕೊಲ್ಲಿಯ ಬಳಿ ದೊಡ್ಡ ತೈಲನಿಕ್ಷೇಪ ಪತ್ತೆಯಾಗಿದ್ದಿತು; ಎಬೆನ್ ಹಾಪ್ಸನ್ ಮೊದಲಾದ ಇನ್ಯೂಪಿಯಾಟ್ ಮುಖಂಡರು ತೈಲ ಕಂಪನಿಗಳ ವಿರೋಧವನ್ನು ನ್ಯಾಯಾಲಯದಲ್ಲಿ ಎದುರಿಸಿ 1972ರಲ್ಲಿ ನಾರ್ತ್ ಸ್ಲೋಪ್ ಬರೋ ಎಂಬ ಸ್ಥಳೀಯ ಸರ್ಕಾರವನ್ನು ಸ್ಥಾಪಿಸಿದ್ದರು; ತೈಲದ ಆಸ್ತಿಯ ಮೇಲೆ ತೆರಿಗೆ ಹಾಕುವ ಅಧಿಕಾರ ಅದಕ್ಕೆ ಬಂದಿತ್ತು. ನಿಷೇಧ ಬಂದ ವರ್ಷವೇ ಬೇಟೆಗಾರರು ತಮ್ಮದೇ ತಿಮಿಂಗಿಲ ಆಯೋಗವನ್ನು ಕಟ್ಟಿಕೊಂಡರು. ಅದೇ ಡಿಸೆಂಬರಿನಲ್ಲಿ ನಿಷೇಧ ಸಡಿಲಗೊಂಡು, ಮರುವರ್ಷಕ್ಕೆ 12 ತಿಮಿಂಗಿಲಗಳ ಮಿತಿ ದೊರೆಯಿತು. ತರುವಾಯ ಬರೋ ತನ್ನ ತೆರಿಗೆಯ ಹಣದಿಂದ ವಿಜ್ಞಾನಿಗಳನ್ನು ನೇಮಿಸಿಕೊಂಡು ಗಣತಿಯನ್ನು ತಾನೇ ಕೈಗೆತ್ತಿಕೊಂಡಿತು. ಅದರ ಮುಂದಾಳಾದ ಪಶುವೈದ್ಯ ಟಾಮ್ ಆಲ್ಬರ್ಟ್ ಅವರು ಹ್ಯಾರಿ ಬ್ರೋವರರ ಮಾತುಗಳನ್ನು ಶಿಷ್ಯನಂತೆ ಕೇಳಿ, ಆ ಮಾತುಗಳನ್ನೇ ಪರೀಕ್ಷಿಸತಕ್ಕ ಪ್ರಮೇಯಗಳನ್ನಾಗಿ ಮಾಡಿಕೊಂಡರು. ಧ್ವನಿತಜ್ಞ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಅವರ ಸಂಗಡಿಗರು ಹಿಮದಂಚಿನಿಂದ ನೀರಿನೊಳಕ್ಕೆ ಹೈಡ್ರೋಫೋನುಗಳನ್ನು ಇಳಿಬಿಟ್ಟರು. ಕಾಲುವೆ ಮುಚ್ಚಿ, ದಡದಲ್ಲಿ ಕುಳಿತವನಿಗೆ ಒಂದೂ ಕಾಣದಿದ್ದ ದಿನಗಳಲ್ಲಿಯೂ ಹಿಮದ ಅಡಿಯಿಂದ ತಿಮಿಂಗಿಲಗಳ ಕೂಗು ಕೇಳಿಬಂದಿತು. 1993ರ ಗಣತಿಯಲ್ಲಿ ಅವುಗಳ ಸಂಖ್ಯೆ ಎಂಟು ಸಾವಿರದಷ್ಟೆಂದು ತಿಳಿಯಿತು. 2011ರ ಹೊತ್ತಿಗೆ ಅದು ಹದಿನಾರು ಸಾವಿರವನ್ನು ಮೀರಿದ್ದಿತು. ಸಂತತಿ ನಿಜವಾಗಿ ಬೆಳೆದದ್ದೂ ಉಂಟು. ಆದರೆ ಮೊದಲ ಅಂದಾಜು ತಪ್ಪೆಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಬೇಟೆಗಾರರ ಜ್ಞಾನ ಗೆದ್ದಿತೆಂದು ಇದನ್ನು ಹೊಗಳುವವರು ತೆರಿಗೆಯ ಹಣವನ್ನು ಮರೆಯಬಾರದು. ಜ್ಞಾನ ಮೊದಲೂ ಇದ್ದಿತು. ಅದನ್ನು ಪರೀಕ್ಷೆಗೆ ಒಡ್ಡುವ ಸಾಮರ್ಥ್ಯ, ಹೊರಗಿನ ಪಂಡಿತರನ್ನು ಸಂಬಳ ಕೊಟ್ಟು ಕರೆಸಿ ‘ನಮ್ಮ ಪ್ರಶ್ನೆಗೆ ಉತ್ತರ ಹುಡುಕಿರಿ’ ಎನ್ನುವ ಸಾಮರ್ಥ್ಯ, ಹೊಸದಾಗಿ ಬಂದದ್ದು. ತೈಲವೇ ಆ ನೆಲವನ್ನು ಕರಗಿಸುತ್ತಿರುವ ಕಾರಣಗಳಲ್ಲಿ ಒಂದೆಂಬುದು ಈ ಕಥೆಯೊಳಗಿನ ನೋವು, ಅದನ್ನು ಮುಚ್ಚಿಡುವಂತಿಲ್ಲ.

ತೈಲದ ತೆರಿಗೆಯಿಲ್ಲದ ಊರುಗಳ ಪಾಡು ಬೇರೆ. ಅನುದಾನದ ಅರ್ಜಿ ಸಿದ್ಧವಾಗುವ ಕ್ರಮವನ್ನೇ ನೋಡೋಣ. ಪ್ರಧಾನ ಸಂಶೋಧಕರು ಸಾಮಾನ್ಯವಾಗಿ ದೂರದ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಅರ್ಜಿಗೆ ಕೊನೆಯ ದಿನಾಂಕ ಸಮೀಪಿಸಿದಾಗ ಹಳ್ಳಿಯ ಆಡಳಿತ ಕಚೇರಿಗೆ ಬೆಂಬಲಪತ್ರ ಕೋರಿ ಇ–ಮೇಲ್ ಬರುತ್ತದೆ. ನೀರು, ವಸತಿ, ವಿಮಾನನಿಲ್ದಾಣ ಎಲ್ಲವನ್ನೂ ನೋಡಿಕೊಳ್ಳುವ ಒಬ್ಬಿಬ್ಬರು ನೌಕರರು ಅದನ್ನು ಓದಿ, ಊರವರನ್ನು ವಿಚಾರಿಸಿ, ಉತ್ತರಿಸಬೇಕು. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಅನುದಾನ ಬಂದರೆ ಪರೋಕ್ಷ ವೆಚ್ಚವೆಂದು ವಿಶ್ವವಿದ್ಯಾನಿಲಯಕ್ಕೆ ಒಂದು ಪಾಲು ಸಲ್ಲುತ್ತದೆ. ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಅದು ನೇರ ವೆಚ್ಚದ ಅರ್ಧದಷ್ಟಾಗುವುದೂ ಉಂಟು. ಸರ್ಕಾರದೊಡನೆ ದರದ ಒಪ್ಪಂದ ಮಾಡಿಕೊಳ್ಳುವಷ್ಟು ಲೆಕ್ಕಪತ್ರದ ಬಲವಿಲ್ಲದ ಸಣ್ಣ ಬುಡಕಟ್ಟು ಸಂಸ್ಥೆಗೆ ನಿಯಮದಂತೆ ಬಹುಕಾಲ ದೊರೆಯುತ್ತಿದ್ದದ್ದು ನೂರಕ್ಕೆ 10. 2024ರಲ್ಲಿ ಅದನ್ನು 15ಕ್ಕೆ ಏರಿಸಿದರು. ಕಟ್ಟಡದ ಬಾಡಿಗೆಯೂ ವಿದ್ಯುತ್ತೂ ದುಬಾರಿಯಾಗಿರುವುದು ಹಿಮದ ಹಳ್ಳಿಯಲ್ಲಿ. ಅದರ ಬಾಬತ್ತು ಹೆಚ್ಚಾಗಿ ದೊರೆಯುವುದು ನಗರದ ಸಂಸ್ಥೆಗೆ. ಅನುದಾನದ ಅವಧಿ ಮೂರು ನಾಲ್ಕು ವರ್ಷ. ಒಂದು ಊರಿನ ವಿಶ್ವಾಸ ಸಂಪಾದಿಸುವುದಕ್ಕೇ ಅಷ್ಟು ಕಾಲ ಬೇಕಾಗುತ್ತದೆ. ವಿಶ್ವಾಸ ಕುದುರುವ ವೇಳೆಗೆ ಹಣ ಮುಗಿದಿರುತ್ತದೆ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ‘ನ್ಯಾವಿಗೇಟಿಂಗ್ ದ ನ್ಯೂ ಆರ್ಕ್ಟಿಕ್’ ಎಂಬ ದೊಡ್ಡ ಕಾರ್ಯಕ್ರಮವನ್ನು ಆರಂಭಿಸಿದಾಗ, ಬೇರಿಂಗ್ ಜಲಸಂಧಿ ಪ್ರದೇಶದ ಕವೆರಾಕ್ ಮತ್ತು ಅದರೊಡನೆ ಅಲಾಸ್ಕದ ಇತರ ಮೂಲನಿವಾಸಿ ಸಂಘಟನೆಗಳು 2020ರ ಮಾರ್ಚಿನಲ್ಲಿ ಪ್ರತಿಷ್ಠಾನಕ್ಕೆ ಬಹಿರಂಗ ಪತ್ರವೊಂದನ್ನು ಬರೆದುವು. ಕಾರ್ಯಕ್ರಮವನ್ನು ರೂಪಿಸುವಾಗ ನಮ್ಮನ್ನು ಕೇಳಲಿಲ್ಲ, ಅರ್ಜಿಗಳನ್ನು ತೂಗುವ ಸ್ಥಾನದಲ್ಲಿ ನಮ್ಮವರಿಲ್ಲ, ಸಂಶೋಧಕರ ಕೋರಿಕೆಗಳ ಭಾರ ಮಾತ್ರ ನಮ್ಮ ಮೇಲೆ ಬೀಳುತ್ತಿದೆ ಎಂಬುದು ಅದರ ತಾತ್ಪರ್ಯ. ಮರುವರ್ಷ ಪ್ರತಿಷ್ಠಾನವು ಕೊಲರಾಡೋ ವಿಶ್ವವಿದ್ಯಾನಿಲಯ ಹಾಗೂ ಅಲಾಸ್ಕದ ಎರಡು ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿ ಸಮುದಾಯ ಕಚೇರಿಯೊಂದನ್ನು ತೆರೆಯಿತು. ಅದು ಸದುದ್ದೇಶದ ಕೆಲಸವೆಂದು ನಾನು ನಂಬುತ್ತೇನೆ. ಆದರೂ ಸಮುದಾಯದ ಹೆಸರಿನ ಕಚೇರಿಯ ಹಣವೂ ವಿಶ್ವವಿದ್ಯಾನಿಲಯಗಳ ಮೂಲಕವೇ ಹರಿಯಿತೆಂಬುದನ್ನು ಗಮನಿಸಬೇಕು.

ವಿಶ್ವವಿದ್ಯಾನಿಲಯಗಳ ಕಷ್ಟವೂ ಸುಳ್ಳಲ್ಲ. 2019ರಲ್ಲಿ ಅಲಾಸ್ಕದ ರಾಜ್ಯಪಾಲ ಮೈಕ್ ಡನ್‌ಲೀವಿ ಅವರು ಅಲಾಸ್ಕ ವಿಶ್ವವಿದ್ಯಾನಿಲಯಕ್ಕೆ ರಾಜ್ಯ ಕೊಡುವ ಹಣದಲ್ಲಿ 13 ಕೋಟಿ ಡಾಲರನ್ನು ಒಂದೇ ಸಹಿಯಿಂದ ಕಡಿದುಹಾಕಿದರು. ರಾಜ್ಯದ ಪಾಲಿನಲ್ಲಿ ಅದು ಐದರಲ್ಲಿ ಎರಡು ಭಾಗ. ಆಡಳಿತ ಮಂಡಲಿ ಆರ್ಥಿಕ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು. ಮುಂದಿನ ತಿಂಗಳು ನಡೆದ ಸಂಧಾನದಲ್ಲಿ ಕಡಿತವನ್ನು ಮೂರು ವರ್ಷಗಳಲ್ಲಿ ಒಟ್ಟು 7 ಕೋಟಿಗೆ ಇಳಿಸಿದರು. ಸ್ವಂತ ಹಣ ಹೀಗೆ ಕುಗ್ಗಿದಂತೆಲ್ಲ ಸಂಸ್ಥೆ ಹೊರಗಿನ ಅನುದಾನಕ್ಕೆ ಹೆಚ್ಚು ಹೆಚ್ಚು ಜೋತುಬೀಳುತ್ತದೆ; ಹಳ್ಳಿಗೆ ಹೋಗಿ ನಾಲ್ಕು ದಿನ ಸುಮ್ಮನೆ ಕುಳಿತು ಮಾತು ಕೇಳಿಬರುವುದಕ್ಕೆ ಹೊರಗಿನ ಅನುದಾನಗಳಲ್ಲಿ ಸಾಮಾನ್ಯವಾಗಿ ಅಂಕಣವಿರುವುದಿಲ್ಲ. ಹಣದ ಅಭಾವದಲ್ಲಿದ್ದ ವಿಶ್ವವಿದ್ಯಾನಿಲಯವೇ 1959ರಲ್ಲಿ ಅಣುಶಕ್ತಿ ಆಯೋಗದ ಗುತ್ತಿಗೆಯನ್ನು ಒಪ್ಪಿಕೊಂಡದ್ದು.

ಇದು ನಮಗೆ ಸಂಬಂಧಪಡದ ಸುದ್ದಿಯೆಂದು ಕನ್ನಡದ ಓದುಗರು ಭಾವಿಸಬೇಕಾಗಿಲ್ಲ. ಸ್ವಾಲ್ಬಾರ್ಡ್ ದ್ವೀಪಸಮೂಹದ ನೀ ಓಲೆಸುಂಡ್‌ನಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ಇದೆ; 2023ರ ಡಿಸೆಂಬರಿನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿತ್ತು. ವಿಶ್ವದ ಶೈಶವಕಾಲದಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಸಂಕೇತಗಳನ್ನು ಆಲಿಸುವುದಕ್ಕೆ ಆ ನೆಲ ಎಷ್ಟು ನಿಶ್ಶಬ್ದವಾಗಿದೆಯೆಂಬುದನ್ನು ಅಳೆಯುವುದು ಅದರ ಕೆಲಸ. ಸ್ವಾಲ್ಬಾರ್ಡಿನಲ್ಲಿ ಮೂಲನಿವಾಸಿಗಳಿಲ್ಲ, ಅನುಮತಿ ಕೇಳಬೇಕಾದ ಊರಹಿರಿಯರು ಅಲ್ಲಿ ಯಾರೂ ಇಲ್ಲ. ಆದಕಾರಣ ನಮ್ಮ ವಿಜ್ಞಾನಿಗಳು ಈ ಪ್ರಶ್ನೆಯನ್ನು ಇನ್ನೂ ಮುಖಾಮುಖಿಯಾಗಿ ಎದುರಿಸಿಲ್ಲ. 2013ರಿಂದ ಆರ್ಕ್ಟಿಕ್ ಮಂಡಲಿಯ ವೀಕ್ಷಕ ರಾಷ್ಟ್ರವಾಗಿರುವ, 2022ರಲ್ಲಿ ತನ್ನ ಆರ್ಕ್ಟಿಕ್ ನೀತಿಯನ್ನು ಪ್ರಕಟಿಸಿರುವ ದೇಶ ನಾಳೆ ಜನವಸತಿಯಿರುವ ಕರಾವಳಿಗಳಿಗೂ ಹೋಗುವುದು ಸಹಜ. ಹೋಗುವ ಮೊದಲು ಕೆನಡಾದ ಇನ್ಯೂಟ್ ಜನರಿಂದ ಕಲಿಯಬೇಕಾದ್ದು ಬಹಳವಿದೆ.

ಇನ್ಯೂಟ್ ಜನರ ರಾಷ್ಟ್ರೀಯ ಸಂಘಟನೆಯಾದ ಇನ್ಯೂಟ್ ತಪಿರಿಯಿತ್ ಕನತಮಿ 2018ರಲ್ಲಿ ಸಂಶೋಧನೆಯ ಬಗೆಗೆ ತನ್ನದೇ ಕಾರ್ಯನೀತಿಯೊಂದನ್ನು ಹೊರಡಿಸಿತು. ಸಂಶೋಧನೆಗೆ ಕೊಡುವ ಹಣ ಇನ್ಯೂಟ್ ಜನರ ಆದ್ಯತೆಗಳಿಗೆ ಹೊಂದಿಕೊಳ್ಳಬೇಕು, ಸಂಗ್ರಹಿಸಿದ ಮಾಹಿತಿಯ ಒಡೆತನ ತಮ್ಮದಾಗಬೇಕು ಎಂಬುವು ಅದರ ಮುಖ್ಯ ಬೇಡಿಕೆಗಳಲ್ಲಿ ಸೇರಿವೆ. ಆದ್ಯತೆ ಎಂಬ ಮಾತಿನ ಹಿಂದೆ ಏನಿದೆಯೆಂದು ತಿಳಿಯಬೇಕಾದರೆ ಒಂದು ಅಂಕಿ ಸಾಕು: 2016ರಲ್ಲಿ ಇನ್ಯೂಟ್ ಜನರಲ್ಲಿ ಕ್ಷಯರೋಗದ ಪ್ರಮಾಣ, ಕೆನಡಾದಲ್ಲಿ ಹುಟ್ಟಿದ ಮೂಲನಿವಾಸಿಗಳಲ್ಲದವರಲ್ಲಿ ಇದ್ದುದಕ್ಕಿಂತ ಸುಮಾರು 300 ಪಟ್ಟು. ಇಕ್ಕಟ್ಟಾದ ಮನೆಗಳಲ್ಲಿ ಕೆಮ್ಮುತ್ತಿರುವ ಜನರ ಕಿಟಕಿಯ ಹೊರಗೆ, ಹಿಮದ ದಪ್ಪವನ್ನಳೆಯುವ ವಿದ್ವಾಂಸರು ಪ್ರತಿವರ್ಷ ಬಂದು ಹೋಗುತ್ತಾರೆ. ಹಿಮವನ್ನು ಅಳೆಯಬಾರದೆಂದು ಇನ್ಯೂಟರು ಎಂದೂ ಹೇಳಿಲ್ಲ. ಯಾವುದನ್ನು ಮೊದಲು, ಯಾರಿಗಾಗಿ ಎಂಬುದನ್ನು ನಿರ್ಣಯಿಸುವ ಮೇಜಿನಲ್ಲಿ ತಮಗೂ ಆಸನ ಬೇಕೆನ್ನುತ್ತಾರೆ.

ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾನಿಲಯ 2020ರಲ್ಲಿ ಜಾರಿಗೆ ತಂದ ನಿಯಮ ಈ ದೃಷ್ಟಿಯಿಂದ ಮೆಚ್ಚತಕ್ಕದ್ದಾಗಿದೆ: ಮೂಲನಿವಾಸಿಗಳಿಗೆ ಸಂಬಂಧಿಸಿದ ಸಂಶೋಧನೆಯಾದರೆ, ಅವರ ತಾತ್ವಿಕ ಒಪ್ಪಿಗೆಯನ್ನು ಅನುದಾನದ ಅರ್ಜಿ ಸಲ್ಲಿಸುವ ಮೊದಲೇ ಪಡೆಯಬೇಕು. ಹಣ ಬಂದಮೇಲೆ ಒಪ್ಪಿಗೆ ಕೇಳುವುದಕ್ಕೂ ಹಣ ಕೇಳುವ ಮೊದಲೇ ಒಪ್ಪಿಗೆ ಕೇಳುವುದಕ್ಕೂ ಇರುವ ಅಂತರವನ್ನು, ಮಗಳ ಮದುವೆಯ ಮಾತು ಗೊತ್ತುಮಾಡಿ ಬಂದು ಆಮೇಲೆ ಅವಳನ್ನು ಕೇಳಿದ ಮನೆಗಳನ್ನು ಕಂಡಿರುವ ನಾವು ಬೇಗ ಗ್ರಹಿಸಬಲ್ಲೆವು.

ಅದೇ ವಿಶ್ವವಿದ್ಯಾನಿಲಯದ ಟ್ರೆವರ್ ಬೆಲ್ ಅವರು ಲ್ಯಾಬ್ರಡಾರಿನ ಇನ್ಯೂಟ್ ಜನರೊಡನೆ ಸೇರಿ ಕಟ್ಟಿದ ‘ಸ್ಮಾರ್ಟ್ ಐಸ್’ ಈ ಬಗೆಯ ಕೆಲಸದ ಮಾದರಿ. 2009–10ರ ಚಳಿಗಾಲ ಅಸಹಜವಾಗಿ ಬೆಚ್ಚಗಾಗಿ, ಸಮುದ್ರದ ಹಿಮ ಸರಿಯಾಗಿ ಗಟ್ಟಿಕಟ್ಟದೆ, ನೇಯ್ನ್ ಎಂಬ ಊರಿನ ಸುತ್ತ ಜನ ಹಿಮ ಒಡೆದು ನೀರಿಗೆ ಬಿದ್ದರು. ಹಿಮವೇ ಹೆದ್ದಾರಿಯಾಗಿರುವ ಊರಿನಲ್ಲಿ ಸೌದೆ, ಬೇಟೆ, ಬಂಧುಗಳ ಭೇಟಿ ಎಲ್ಲಕ್ಕೂ ಕುತ್ತು ಬಂದಿತು. ಇಂದು ಹೊರಟರೆ ಸುರಕ್ಷಿತವಾಗಿ ಮರಳಬಹುದೇ ಎಂಬುದು ಅವರ ಪ್ರಶ್ನೆ. ವಿಶ್ವವಿದ್ಯಾನಿಲಯ ಆ ಪ್ರಶ್ನೆಗೆ ಯಂತ್ರ ಕಟ್ಟಿತು: ಸ್ನೋಮೊಬೈಲಿನ ಹಿಂದೆ ಎಳೆದುಕೊಂಡು ಹೋಗುವ ಕಾಮುತಿಕ್ ಎಂಬ ಮರದ ಜಾರುಬಂಡಿಯ ಮೇಲೆ ವಿದ್ಯುತ್ಕಾಂತೀಯ ಉಪಕರಣವೊಂದನ್ನು ಕೂರಿಸಿದರು, ಬಂಡಿ ಸಾಗಿದಂತೆ ಅಡಿಯ ಹಿಮದ ದಪ್ಪ ಸವಾರನಿಗೆ ಅಲ್ಲಿಯೇ ತಿಳಿಯುತ್ತದೆ. ನಡೆಸುವವರು ತರಬೇತಿ ಪಡೆದ, ಸಂಬಳ ಪಡೆಯುವ, ಅದೇ ಊರಿನ ಜನ. ಯಾವ ದಾರಿಯನ್ನು ಅಳೆಯಬೇಕೆಂದು ಹೇಳುವುದು ಊರಿನ ಸಮಿತಿ. 2016ರಲ್ಲಿ ಈ ಕೆಲಸಕ್ಕೆ ಆರ್ಕ್ಟಿಕ್ ಇನ್‌ಸ್ಪಿರೇಷನ್ ಪ್ರಶಸ್ತಿ ಬಂದಿತು, ಆ ಹಣದ ಬಲದಿಂದ ಇದು ಇತರ ಊರುಗಳಿಗೂ ಹಬ್ಬಿತು.

ಈಗ ಇನ್ಯೂಟ್ ಜನ ತಮ್ಮ ನೆಲದಲ್ಲಿ ತಮ್ಮದೇ ವಿಶ್ವವಿದ್ಯಾನಿಲಯವೊಂದನ್ನು ಸ್ಥಾಪಿಸುವ ಸಿದ್ಧತೆಯಲ್ಲಿದ್ದಾರೆ. ಅದು ಕೈಗೂಡಿದರೆ ಪ್ರಧಾನ ಸಂಶೋಧಕರೂ ಪರೋಕ್ಷ ವೆಚ್ಚದ ಪಾಲೂ ಇನ್ಯೂಟ್ ಊರಿನಲ್ಲಿಯೇ ಇರುತ್ತವೆ. ದಕ್ಷಿಣದ ಪ್ರಾಧ್ಯಾಪಕರು ಅಲ್ಲಿಗೆ ಸಹಸಂಶೋಧಕರಾಗಿ ಬರಬೇಕಾಗುತ್ತದೆ.